ಗೋಡೌನಿನ ಪಾಲಿನ ವೀಳ್ಯ

ಕಡೂರು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯೊಂದಿದೆ. ಹೋದ ತಿಂಗಳು ನನ್ನ ಫೋನು ಚಾರ್ಜ್ ಆಗುವುದಿಲ್ಲವೆಂದು ಹಟ ಹಿಡಿದಾಗ ಅಲ್ಲಿಗೆ ಹೋಗಿದ್ದೆ. ಮಾರನೆಯ ದಿನ ಸಖರಾಯಪಟ್ಟಣದಲ್ಲಿ ದೊಡ್ಡಪ್ಪನ ಮನೆಯ ಮದುವೆ. ಸಂತೆಯಲ್ಲಿ ಕೊಂಡ ವೀಳ್ಯದೆಲೆಯ ಕಟ್ಟು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿತ್ತು. ಅಂಗಡಿಯವನು ಫೋನಿನ ಹೊಟ್ಟೆ ಬಗೆದು, ಕಾದ ಕಡ್ಡಿಯ ತುದಿಯನ್ನು ಎಲ್ಲಿಗೋ ತಾಗಿಸಿದ. ಒಂದೆಳೆ ಹೊಗೆ ಎದ್ದು ನನ್ನ ಮೂಗಿಗೆ ಬಂತು.

ಬೆಸುಗೆಯ ರಾಳದ ಹೊಗೆ, ಹಸಿ ವೀಳ್ಯದೆಲೆ... ಈ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ನೆನಪಾಗುವವರು ಲೋಕದಲ್ಲಿ ಒಬ್ಬರೇ. ನಮ್ಮ ಮೇಡಂ.

ಮೇಡಂ ಅಂದರೆ ಸ್ಕೂಲಿನ ಮೇಡಂ ಅಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ರೈತರ ಮಾರಾಟ ಸಂಘಕ್ಕೆ ಒಂದು ಕಂಪ್ಯೂಟರ್ ಬಂತು. ಅದನ್ನು ನೋಡಿಕೊಳ್ಳಲು ಮೈಸೂರಿನಿಂದ ಬಂದ ಎಂಜಿನಿಯರ್ ಅವರು. ದಪ್ಪ ಗಾಜಿನ ಕನ್ನಡಕ, ಗಂಜಿ ಹಾಕಿದ ಹತ್ತಿ ಸೀರೆ, ಸೆರಗು ಯಾವಾಗಲೂ ಸೊಂಟಕ್ಕೆ. ಗಂಟಲು ನಮ್ಮ ಹರಾಜು ಕೂಗುವವನಿಗಿಂತ ಜೋರು. ವಿನಯ ಅನ್ನುವುದು ಅವರ ಹತ್ತಿರ ಸುಳಿದೇ ಇರಲಿಲ್ಲ. "ಈ ಜಿಲ್ಲೇಲಿ ಈ ಕೆಲಸ ನನ್ನಷ್ಟು ಚೆನ್ನಾಗಿ ಮಾಡೋರು ಇನ್ನೊಬ್ಬರಿದ್ರೆ ಕರ್ಕೊಂಡು ಬನ್ನಿ, ಕಾಫಿ ಕುಡಿಸ್ತೀನಿ" ಎಂದು ಬಂದ ವಾರವೇ ಘೋಷಿಸಿದ್ದರು. ನಿಜ ಹೇಳಬೇಕೆಂದರೆ ಜಿಲ್ಲೆಯಲ್ಲಿ ಆಗ ಆ ಕೆಲಸ ಮಾಡುವವರು ಇನ್ನೊಬ್ಬರು ಇದ್ದರೋ ಇಲ್ಲವೋ.

ನಾನು ಡಿಗ್ರಿ ಮುಗಿಸಿ, ಟೈಪಿಂಗ್ ಕಲಿತು, ಅದೇ ಸಂಘದಲ್ಲಿ ಹಂಗಾಮಿ ಗುಮಾಸ್ತೆಯಾಗಿದ್ದೆ. ಮೆಷಿನ್ ಬಂದದ್ದರಿಂದಲೇ ಹುಟ್ಟಿದ ಕೆಲಸ ಅದು. ಮೆಷಿನ್ ಹೋದರೆ ಅದೂ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಸಂಬಳ ತಂದ ಮೊದಲ ಹೆಣ್ಣು ನಾನು. ಆ ಹೆಮ್ಮೆಯನ್ನು ಬಿಟ್ಟುಕೊಡಲು ಸುತರಾಂ ತಯಾರಿರಲಿಲ್ಲ.

ಸಂಘದ ವ್ಯವಹಾರ ಹೀಗಿತ್ತು. ಕಡೂರಿನಲ್ಲಿ ಮುಖ್ಯ ಕಚೇರಿ, ತರೀಕೆರೆಯಲ್ಲೊಂದು ಶಾಖೆ, ಅಜ್ಜಂಪುರದಲ್ಲೊಂದು ಶಾಖೆ. ಬೆಳಿಗ್ಗೆ ಕಡೂರಿನಲ್ಲಿ ತೆಂಗು, ಕೊಬ್ಬರಿ, ಈರುಳ್ಳಿ ಹರಾಜಾಗುತ್ತಿತ್ತು. ಯಾವ ಊರಿನ ಮಾಲಿಗೆ ಯಾವ ಧಾರಣೆ ಬಂತೆಂದು ನಾನು ಮೆಷಿನ್ನಿಗೆ ಟೈಪ್ ಮಾಡಬೇಕು. ತರೀಕೆರೆಯ ಧಾರಣೆ ಚೀಟಿ ಟೆಲಿಫೋನ್ ತಂತಿಯ ಮೇಲೆ ಹೋಗಿ ತರೀಕೆರೆಯ ಪ್ರಿಂಟರಿನಲ್ಲಿ, ಅಜ್ಜಂಪುರದ್ದು ಅಜ್ಜಂಪುರದಲ್ಲಿ ಅಚ್ಚಾಗಬೇಕು. ಯಾವ ಚೀಲ ಯಾವ ಲಾರಿಗೆ ಏರಬೇಕೆಂಬ ಚೀಟಿ ಅಂಗಳದಾಚೆಯ ಗೋಡೌನಿನ ಪ್ರಿಂಟರಿಗೆ ಹೋಗಬೇಕು. ಇದಕ್ಕೆಂದು ಮೂರು ಪುಟ್ಟ ಪೆಟ್ಟಿಗೆಗಳಿದ್ದವು. ತರೀಕೆರೆ ಲೈನಿನದೂ ಅಜ್ಜಂಪುರ ಲೈನಿನದೂ ಆಫೀಸಿನ ಗೋಡೆಯ ಮೇಲೆ, ಇನ್ನೊಂದು ಗೋಡೌನಿನ ಒಳಗೆ. ಮೂರರಿಂದಲೂ ದಪ್ಪ ಕೇಬಲ್ಲು ಬಂದು ಮೆಷಿನ್ನಿನ ಬೆನ್ನಿಗೆ ಸೇರುತ್ತಿತ್ತು. ಮೆಷಿನ್ನಿಗೆ ಅವು ಒಂದು, ಎರಡು, ಮೂರು. ಗೋಡೌನ್ ಒಂದು, ತರೀಕೆರೆ ಎರಡು, ಅಜ್ಜಂಪುರ ಮೂರು.

ಎಲ್ಲ ಚೆನ್ನಾಗಿತ್ತು, ಸೋಮವಾರ ಒಂದು ಬಿಟ್ಟು.

ಸೋಮವಾರ ಬೆಳಿಗ್ಗೆ ತರೀಕೆರೆಯ ಧಾರಣೆ ಅಜ್ಜಂಪುರದಲ್ಲಿ ಅಚ್ಚಾಗುತ್ತಿತ್ತು. ಗೋಡೌನಿನ ಚೀಟಿ ತರೀಕೆರೆಗೆ ಹೋಗುತ್ತಿತ್ತು. ಅಜ್ಜಂಪುರದ್ದು ಎಲ್ಲಿಗೂ ಹೋಗುತ್ತಿರಲಿಲ್ಲ. ಮಂಗಳವಾರದಿಂದ ಏನೂ ಆಗಿಲ್ಲವೆಂಬಂತೆ ಮೆಷಿನ್ ಸಾಧುವಾಗಿರುತ್ತಿತ್ತು. ನಮ್ಮ ಕಡೆ ಸೋಮವಾರ ಶಿವನ ವಾರ. ಮನೆಮನೆಯಲ್ಲೂ ತಲೆಗೆ ಸ್ನಾನ, ಒಪ್ಪೊತ್ತು. ಸಂಘದ ಜನ ಕೂಡಿ ತೀರ್ಮಾನಿಸಿಬಿಟ್ಟರು, ಪೂಜೆಯಿಲ್ಲದೆ ಮೆಷಿನ್ ಮುನಿಸಿಕೊಂಡಿದೆ ಎಂದು. ಮುಂದಿನ ಸೋಮವಾರ ಅದರ ನೆತ್ತಿಗೆ ಮೂರು ಬೆರಳಿನ ವಿಭೂತಿ ಬಿತ್ತು. ಎಳೆದವಳು ನಾನೇ. ಮೇಡಂ ಬಂದು ನೋಡಿ, "ಚೆನ್ನಾಗಿ ಕಾಣ್ತಿದೆ ಕಣೇ, ಒಳಗೆ ಮಾತ್ರ ಉದುರಿಸಬೇಡ" ಎಂದರು. ಅಂದೂ ಚೀಟಿಗಳು ತಪ್ಪು ಊರಿಗೇ ಹೋದವು.

ನಗುವ ವಿಷಯ ಬೇಗನೆ ಜಗಳದ ವಿಷಯವಾಯಿತು. ಅಜ್ಜಂಪುರದ ಗುಮಾಸ್ತ ಏನೋ ಕೈಚಳಕ ಮಾಡಿ ನಮ್ಮ ಧಾರಣೆ ಕದ್ದು ನೋಡುತ್ತಿದ್ದಾನೆ ಎಂದು ತರೀಕೆರೆಯವರು ಹುಯಿಲೆಬ್ಬಿಸಿದರು. ಮೇಡಂ ನನ್ನನ್ನೂ ಎಳೆದುಕೊಂಡು ಅಜ್ಜಂಪುರದ ಬಸ್ ಹತ್ತಿದರು. ಆ ಗುಮಾಸ್ತರು ನಡುವಯಸ್ಸಿನ, ಗಟ್ಟಿ ಮಾತನ್ನೂ ಆಡದ ಮನುಷ್ಯ. ಬೀರು ತೆಗೆದು, ತಮ್ಮದಲ್ಲದ ಚೀಟಿಗಳನ್ನೆಲ್ಲ ಮಡಿಸಿ ದಾರ ಕಟ್ಟಿಟ್ಟಿದ್ದನ್ನು ತೋರಿಸಿದರು. "ನಾನ್ಯಾಕ್ರೀ ಅವ್ರದ್ದು ಕದೀಲಿ? ನಮ್ದೇ ಬರ್ದೆ ರೈತ್ರು ನನ್ ಮೇಲೆ ರೇಗ್ತಾವ್ರೆ" ಎನ್ನುವಾಗ ಅವರ ಕಣ್ಣು ತುಂಬಿತ್ತು. ವಾಪಸ್ ಬರುವಾಗ ಬೀರೂರು ದಾಟುವವರೆಗೂ ಮೇಡಂ, ಸೋಮವಾರ ಏನು ವಿಶೇಷ ಎಂದು ನನ್ನನ್ನೂ ಪಕ್ಕದ ಸೀಟಿನವರನ್ನೂ ಕೇಳುತ್ತಲೇ ಇದ್ದರು.

ಮುಂದಿನ ಸೋಮವಾರ ಮೆಷಿನ್ನಿನ ಮುಂದೆ ಕೂರುವ ಬದಲು ಮೇಡಂ ಕಚೇರಿಯನ್ನೆಲ್ಲ ಒಂದು ಸುತ್ತು ಹಾಕಿದರು. ಅಂಗಳ ದಾಟಿದರೆ ಗೋಡೌನಿಗೆ ಬೀಗ. ಜಗಲಿಯ ಮೇಲೆ ಹಮಾಲರು ಎಲೆ ಅಡಿಕೆ ಹಾಕುತ್ತಾ ಕೂತಿದ್ದರು.

"ಯಾಕೆ ಇನ್ನೂ ಬೀಗ ತೆಗೆದಿಲ್ಲ?" ಎಂದು ಮೇಡಂ ಕೇಳಿದರು.

"ಸ್ವಾಮಾರ ಅಲ್ವಾ ಮೇಡಮ್ಮ. ಇವತ್ತು ಎತ್ತಿನ್ ಹೆಗಲಿಗೆ ನೊಗ ಇಡಲ್ಲ, ಗಾಡಿ ಬರಲ್ಲ. ನಿಧಾನಕ್ಕೆ ತೆಗೀತೀವಿ."

"ಒಳಗಿನ ಕರೆಂಟು?"

"ರಾತ್ರಿ ಮೇನ್ ಆಫ್ ಮಾಡ್ತೀವಲ್ಲ. ಕೊಬ್ರಿ, ಗೋಣಿ, ಬೆಂಕಿ ಬಿದ್ರೆ ಉಳೀತದಾ?"

"ಇಷ್ಟು ದಿನದಿಂದ ಸೋಮವಾರ ಏನು ವಿಶೇಷ ಅಂತ ಎಲ್ಲರನ್ನೂ ಕೇಳ್ತಿದ್ದೀನಿ. ಯಾಕೆ ಹೇಳಲಿಲ್ಲ?"

"ನೀವು ಮಿಷಿನ್ದು ಕೇಳಿದ್ರಿ, ಗೋಡೌನಿಂದು ಕೇಳ್ಲಿಲ್ವಲ್ಲ."

ಮೇಡಂ ಹಣೆ ಹಣೆ ಚಚ್ಚಿಕೊಂಡು ನಕ್ಕರು. ಆಮೇಲೆ ಮೂರು ಕಾಫಿ ಲೋಟಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನನಗೆ ವಿಷಯ ಬಿಡಿಸಿ ಹೇಳಿದರು. ಬೆಳಿಗ್ಗೆ ಎದ್ದ ಮೆಷಿನ್ ಯಾರ್ಯಾರಿದ್ದೀರಿ ಎಂದು ಕೂಗುತ್ತದೆ. ಓ ಅಂದವರಿಗೆ ಸಾಲಿನ ಪ್ರಕಾರ ನಂಬರ್ ಕೊಡುತ್ತದೆ. ತಂತಿಗಳ ಜೊತೆ ಮಾತಾಡುವ ಆ ಪ್ರೋಗ್ರಾಂ ತುಂಡಿಗೆ ಡ್ರೈವರ್ ಎಂದು ಹೆಸರು. ಗೋಡೌನ್ ಕತ್ತಲಲ್ಲಿ ಮಲಗಿದ್ದರೆ ತರೀಕೆರೆಯೇ ಒಂದಾಗುತ್ತದೆ, ಅಜ್ಜಂಪುರ ಎರಡಾಗುತ್ತದೆ. ಮೂರು ಯಾರೂ ಇಲ್ಲ. ಮೇಡಂ ಮೊದಲ ಲೋಟ ಎತ್ತಿ ಕಾಫಿ ಕುಡಿದು, ಉಳಿದ ಎರಡನ್ನು ಮುಂದಕ್ಕೆ ತಳ್ಳಿದರು. ಅಷ್ಟೇ ವಿಷಯ.

ಸಂಘದ ಅಧ್ಯಕ್ಷರು ಹಳೆ ಕಾಲದ ಜಮೀನ್ದಾರಿಕೆಯ ಗತ್ತಿನವರು, ಆದರೆ ಕೆಟ್ಟವರಲ್ಲ. ಸುದ್ದಿ ಕೇಳಿ, "ಇಷ್ಟೇ ತಾನೆ? ಗೋಡೌನ್ ಬೇಗ ತೆಗ್ಸಿದ್ರಾಯ್ತು ಬಿಡಿ" ಎಂದರು. ಮೇಡಂ ಒಪ್ಪಲಿಲ್ಲ. ಬೀಗ ನಮ್ಮ ಕೈಲಿದೆ, ಕರೆಂಟು ಯಾರ ಕೈಲಿದೆ ಎಂದು ಕೇಳಿದರು. ಅವರ ಬಾಯಿ ಹರಕೆಯೋ ಎಂಬಂತೆ ಬುಧವಾರವೇ ಗೋಡೌನಿನ ಕಡೆಯ ಕರೆಂಟಿನ ಫೇಸ್ ಹೋಯಿತು, ಚೀಟಿಗಳು ಮತ್ತೆ ಊರು ತಪ್ಪಿದವು. ಗುರುವಾರ ಮೇಡಂ ಒಂದು ಉಪಾಯ ಮಾಡಿದರು. ಮೂವರೂ ಓ ಅನ್ನುವವರೆಗೆ ಮೆಷಿನ್ ಕಾಯಲಿ ಎಂದು ಬರೆದರು. ಫೇಸ್ ಬರಲೇ ಇಲ್ಲ. ಮೆಷಿನ್ ಕಾದಿತು, ನಾವು ಕಾದೆವು, ಹರಾಜು ಮುಗಿದು ತರೀಕೆರೆ, ಅಜ್ಜಂಪುರ ಎರಡೂ ಕಾದವು. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರ ಸಹನೆ ತೀರಿತ್ತು.

"ನೋಡಿ ಮೇಡಮ್ಮೋರೆ, ಬರೋ ಸೋಮವಾರ ಡೈರೆಕ್ಟರ್‌ಗಳ ಮೀಟಿಂಗ್ ಐತೆ. ಅವತ್ತು ಇದು ಸರಿಯಾಗಿದ್ರೆ ಇರ್ಲಿ. ಇಲ್ದಿದ್ರೆ ಕಂಪನಿಗೆ ವಾಪಸ್. ತರೀಕೆರೆಯವ್ರು ಸಂಘನೇ ಬಿಡ್ತೀವಿ ಅಂತ ಕೂತವ್ರೆ."

ಮೆಷಿನ್ ಹೋದರೆ ನನ್ನ ಕುರ್ಚಿಯೂ ಹೋದಂತೆ. ಮೇಡಂ ಮಾತ್ರ, "ಸೋಮವಾರ ಸಿಹಿ ತರಿಸಿಡಿ ಸಾರ್" ಅಂದು ಹೊರಗೆ ಬಂದರು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಏನು ಮಾಡಬೇಕೋ ನನಗೂ ಗೊತ್ತಿಲ್ಲ ಕಣೇ" ಎಂದರು.

ಮಾರನೆಯ ದಿನ ಸಖರಾಯಪಟ್ಟಣದಲ್ಲಿ ದೊಡ್ಡಪ್ಪನ ಮಗನ ಮದುವೆ. ತಲೆ ಕೆಡಿಸಿಕೊಂಡವರು ಒಂದು ಹೊತ್ತು ಮದುವೆ ಊಟ ಮಾಡಲಿ ಎಂದು ಮೇಡಂ ಅವರನ್ನು ಬಲವಂತವಾಗಿ ಕರೆದುಕೊಂಡು ಹೋದೆ. ಹೊಲದ ತೆಂಗಿನ ಗರಿಯ ಚಪ್ಪರ. ಧಾರೆಯಾದ ಮೇಲೆ ಕಂಬಳಿ ಹಾಸಿ ಹಿರಿಯರೆಲ್ಲ ಕೂತರು. ವೀಳ್ಯ ಕೊಡುವ ಹೊತ್ತು. ಹರಿವಾಣದ ತುಂಬ ಎಲೆ ಅಡಿಕೆ ಇಟ್ಟುಕೊಂಡು ದೊಡ್ಡಪ್ಪ ಒಂದೊಂದೇ ಮನೆಯ ಹೆಸರು ಹಿಡಿದು ಕೂಗತೊಡಗಿದರು. ಮಠದ ವೀಳ್ಯ. ಗೌಡರ ಮನೆ ವೀಳ್ಯ. ಬಾವಿಮನೆ ವೀಳ್ಯ. ಕೂಗಿದ ಮನೆಯವರು ಎದ್ದು ಬಂದು ತೆಗೆದುಕೊಂಡು ಹೋಗುತ್ತಿದ್ದರು.

"ಕೋಟೆಮನೆ ವೀಳ್ಯ" ಎಂದರು ದೊಡ್ಡಪ್ಪ. ಯಾರೂ ಏಳಲಿಲ್ಲ. "ಅವ್ರು ಬಂದಿಲ್ಲ" ಎಂದರು ಯಾರೋ. ದೊಡ್ಡಪ್ಪ ಒಂದು ಜೊತೆ ಎಲೆ, ಅಡಿಕೆ ತೆಗೆದು ಕಂಬಳಿಯ ಅಂಚಿನಲ್ಲಿ ಬೇರೆಯಾಗಿ ಇಟ್ಟು, ಮುಂದಿನ ಮನೆ ಕೂಗಿದರು.

ನನ್ನ ಪಕ್ಕದಲ್ಲಿದ್ದ ಮೇಡಂ ಕತ್ತು ಉದ್ದ ಮಾಡಿದರು. "ಬಂದಿಲ್ವಲ್ಲ, ಅದನ್ನ ಮುಂದಿನವರಿಗೆ ಯಾಕೆ ಕೊಡಲಿಲ್ಲ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿಯೇಬಿಟ್ಟರು. ಇಡೀ ಚಪ್ಪರ ತಿರುಗಿ ನೋಡಿತು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ದೊಡ್ಡಪ್ಪ ಕೂಗುವುದನ್ನು ನಿಲ್ಲಿಸಿದರು. "ಬಂದಿಲ್ಲ ಅಂದ್ರೆ ಮನೆನೇ ಇಲ್ಲ ಅಂತಲಾ ತಾಯಿ? ಕೋಟೆಮನೇದು ಕೋಟೆಮನೇದೇ. ಸಾಯಂಕಾಲ ಮನೆ ಬಾಗ್ಲಿಗೆ ಕಳಿಸ್ತೀವಿ."

ಮೇಡಂ ಎದ್ದು ನಿಂತರು. ಊಟಕ್ಕೆ ಎಲೆ ಹಾಕುತ್ತಿದ್ದರು, ಹೋಳಿಗೆಯ ಪರಿಮಳ ಬರುತ್ತಿತ್ತು. ಅವರಿಗೆ ಯಾವುದೂ ಬೇಡವಾಗಿತ್ತು. ನನ್ನ ಕೈ ಹಿಡಿದು, "ನಡಿ, ಬಸ್ಸಿದೆ" ಎಂದರು. ಉಣ್ಣದೆ ಹೊರಟವರನ್ನು ಕಂಡು ದೊಡ್ಡಮ್ಮ ಗಾಬರಿಯಾಗಿ, ಒಂದಿಷ್ಟು ಹೋಳಿಗೆಯನ್ನು ಬಾಳೆಲೆಯಲ್ಲಿ ಕಟ್ಟಿ, ಎರಡು ಕಟ್ಟು ವೀಳ್ಯದೆಲೆಯನ್ನೂ ತುರುಕಿ ಕಳಿಸಿದರು. ಆ ಹೋಳಿಗೆಯನ್ನು ನಾನು ಬಸ್ಸಿನಲ್ಲಿ ತಿಂದೆ. ಮೇಡಂ ಕಿಟಕಿಯ ಆಚೆ ನೋಡುತ್ತಾ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು.

ಶನಿವಾರ, ಭಾನುವಾರ ಕಚೇರಿಗೆ ನಾವಿಬ್ಬರೇ. ಮೇಡಂ ಮೂರೂ ಪೆಟ್ಟಿಗೆ ಬಿಚ್ಚಿದರು. ಮೂರೂ ಅವಳಿ ಜವಳಿಗಳ ಹಾಗಿದ್ದವು. ಕೂಗಿದರೆ ಓ ಅನ್ನುವುದು ಗೊತ್ತಿತ್ತೇ ಹೊರತು ನಾನು ಇಂಥವನು ಎಂದು ಹೇಳಲು ಅವಕ್ಕೆ ಬರುತ್ತಿರಲಿಲ್ಲ. ಮೇಡಂ ಪ್ರತಿ ಪೆಟ್ಟಿಗೆಯ ಒಳಗೂ ಒಂದೊಂದು ತಂತಿಯ ತುಂಡನ್ನು ಬೇರೆ ಬೇರೆ ಜಾಗದಲ್ಲಿ ಬೆಸೆದರು. ಅದು ಅವುಗಳ ಗುರುತು. ಇನ್ನು ಮೇಲೆ ಯಾವ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೂ ಗೋಡೌನಿನ ಪೆಟ್ಟಿಗೆ ತಾನು ಗೋಡೌನ್ ಎಂದೇ ಹೇಳಬೇಕು. ರಾಳದ ಹೊಗೆ ಕೋಣೆ ತುಂಬಿತು. ಮೂಲೆಯ ನೀರಿನ ಪಾತ್ರೆಯಲ್ಲಿ ದೊಡ್ಡಮ್ಮ ಕೊಟ್ಟ ವೀಳ್ಯದೆಲೆ ಇತ್ತು. ಕೆಲಸದ ನಡುವೆ ಮೇಡಂ ಒಂದೊಂದೇ ಎಲೆ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದರು, ಸುಣ್ಣವಿಲ್ಲ, ಅಡಿಕೆಯಿಲ್ಲ, ಮೇಕೆಯ ಹಾಗೆ.

ಆಮೇಲೆ ಡ್ರೈವರ್ ಅನ್ನು ತಿದ್ದಿ ಬರೆಯಲು ಕೂತರು. ಒಂದು, ಎರಡು, ಮೂರು ಎನ್ನುವ ಲೆಕ್ಕವನ್ನೇ ಕಿತ್ತು ಹಾಕಿದರು. "ಸಾಲು ನೋಡಿ ಹೆಸರಿಡೋದಲ್ಲ, ಮನೆ ನೋಡಿ ಹೆಸರಿಡಬೇಕು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮೆಷಿನ್ ಒಂದೊಂದು ಮನೆಯ ಹೆಸರು ಹಿಡಿದು ಕೂಗಬೇಕು. ಉತ್ತರ ಬಂದರೆ ಚೀಟಿ ಕಳಿಸಬೇಕು. ಬಾರದಿದ್ದರೆ ಆ ಮನೆಯ ಚೀಟಿಯನ್ನು ಬೇರೆ ತೆಗೆದಿಟ್ಟು ಮುಂದೆ ಹೋಗಬೇಕು. ಆ ಮನೆ ಬಂದಾಗ ಅದರ ಬಾಗಿಲಿಗೆ ಕಳಿಸಬೇಕು. ಭಾನುವಾರ ಹೊತ್ತು ಇಳಿಯುವಾಗ, ಪರೀಕ್ಷೆ ಮಾಡೋಣವೇ ಎಂದು ಕೇಳಿದೆ. "ಶಾಖೆಗಳಿಗೆ ಇವತ್ತು ರಜ. ಇನ್ನು ನಾಳೆ ಎಲ್ಲರ ಮುಂದೇನೇ" ಎಂದರು.

ಸೋಮವಾರ ಡೈರೆಕ್ಟರುಗಳು ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದು ಕೂತರು. ತರೀಕೆರೆಯವರು ಒಂದು ಬೆಂಚು, ಅಜ್ಜಂಪುರದವರು ಎದುರು ಬೆಂಚು, ಮಧ್ಯೆ ಮಾತಿಲ್ಲ. ಅಧ್ಯಕ್ಷರು ತಮ್ಮ ಜಾಣತನ ತೋರಿಸಲು ಗೋಡೌನನ್ನು ಬೆಳಗಾಗುತ್ತಲೇ ತೆಗೆಸಿಟ್ಟಿದ್ದರು. ಮೇಡಂ ನೆಟ್ಟಗೆ ಅಂಗಳ ದಾಟಿ ಹೋದರು, ಗೋಡೌನಿನ ಮೇನ್ ಆರಿಸಿದರು, ಬಾಗಿಲೆಳೆದು ಬೀಗ ಹಾಕಿದರು, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದರು. ಅಧ್ಯಕ್ಷರು ಕುರ್ಚಿ ಬಿಟ್ಟು ಎದ್ದರು.

"ಏನ್ ಮಾಡ್ತಿದೀರಿ ಮೇಡಮ್ಮೋರೆ? ಅದ್ನ ಮುಚ್ಚಿದ್ರೇ ಅಲ್ವಾ ಎಡವಟ್ಟಾಗೋದು?"

"ಅದಕ್ಕೇ ಸಾರ್ ಮುಚ್ಚಿದ್ದು" ಎಂದರು ಮೇಡಂ. ನನ್ನ ಕಡೆ ತಿರುಗಿ, "ಮೆಷಿನ್ ಆರಿಸಿ ಮತ್ತೆ ಹಾಕು" ಎಂದರು.

ನಾನು ಆರಿಸಿ ಹಾಕಿದೆ. ಮೆಷಿನ್ ಎದ್ದಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ, ಆದರೆ ನಮ್ಮ ಭಾಷೆಯಲ್ಲಿ, ಒಂದೊಂದೇ ಸಾಲು ಮೂಡಿತು. ನಾನು ಗಟ್ಟಿಯಾಗಿ ಓದಿದೆ. ಗೋಡೌನ್, ಬಂದಿಲ್ಲ. ತರೀಕೆರೆ, ಬಂದಿದೆ. ಅಜ್ಜಂಪುರ, ಬಂದಿದೆ. ಬೆಂಚುಗಳ ಮೇಲೆ ಗುಸುಗುಸು ಎದ್ದಿತು. ಅಂದಿನ ಹರಾಜಿನ ಧಾರಣೆಗಳನ್ನು ಟೈಪ್ ಮಾಡಿ, ಗೋಡೌನಿನದೂ ಸೇರಿಸಿ, ಮೂರೂ ಚೀಟಿಗಳನ್ನು ಒಟ್ಟಿಗೆ ಕಳಿಸಿದೆ. ಆಮೇಲೆ ಮಾಡಲು ಏನೂ ಇರಲಿಲ್ಲ. ಎಲ್ಲರೂ ಅಧ್ಯಕ್ಷರ ಮೇಜಿನ ಮೇಲಿನ ಟೆಲಿಫೋನನ್ನು ನೋಡುತ್ತಾ ಕೂತೆವು.

ಅದು ಹೊಡೆದುಕೊಂಡಾಗ ಅಧ್ಯಕ್ಷರೇ ಎತ್ತಿದರು. ತರೀಕೆರೆಯ ಗುಮಾಸ್ತ. ಅವನ ದನಿ ನಮಗೂ ಕೇಳುವಷ್ಟಿತ್ತು. "ಸಾರ್, ತೆಂಗಿನ ಧಾರಣೆ ಬಂತು ಸಾರ್. ನಮ್ದೇ ಸಾರ್. ಸೋಮವಾರ ನಮ್ದೇ ಬಂದೈತೆ ಸಾರ್." ಇಟ್ಟ ಫೋನು ಮತ್ತೆ ಹೊಡೆದುಕೊಂಡಿತು. ಅಜ್ಜಂಪುರ. ಅಧ್ಯಕ್ಷರು ಕೇಳಿಸಿಕೊಂಡು, ಫೋನನ್ನು ಕಿವಿಯಿಂದ ತೆಗೆಯದೆಯೇ ನಮ್ಮ ಕಡೆ ನೋಡಿದರು. "ಈರುಳ್ಳೀದು ಬಂದೈತಂತೆ. ಅಳ್ತಾವ್ನೆ ಪಾಪ" ಎಂದರು. ತರೀಕೆರೆಯ ಬೆಂಚಿನಿಂದ ಹಿರಿಯರೊಬ್ಬರು ಎದ್ದು, ಎದುರು ಬೆಂಚಿಗೆ ಹೋಗಿ, ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿ ಚಾಚಿದರು. ಅಜ್ಜಂಪುರದವರು ತೆಗೆದುಕೊಂಡರು.

"ಎಲ್ಲ ಸರಿ" ಎಂದರು ಅಧ್ಯಕ್ಷರು, ಸೋಲೊಪ್ಪಲು ಇನ್ನೂ ಮನಸ್ಸಿಲ್ಲದೆ. "ಗೋಡೌನಿನ ಚೀಟಿ ಏನಾಯ್ತು? ಕಳೆದೋಯ್ತಲ್ಲ."

ಮೇಡಂ ಇದೊಂದು ಮಾತಿಗಾಗಿಯೇ ಕಾಯುತ್ತಿದ್ದರು. ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಬಾಗಿಲಲ್ಲಿ ನಿಂತ ಹಮಾಲರ ಕಡೆ ಎಸೆದರು. ಅವರು ಹೋಗಿ ಬೀಗ ತೆಗೆದು ಮೇನ್ ಹಾಕಿದ್ದು ನಮಗೆ ಕಿಟಕಿಯಿಂದ ಕಾಣುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಹೊರಗೆ ಒಂದು ಲಾರಿ ಹಾದು ಹೋಯಿತು. ಆಮೇಲೆ ಅಂಗಳದ ಆಚೆಯಿಂದ, ಯಾರೂ ಏನೂ ಮುಟ್ಟದೆ, ಗೋಡೌನಿನ ಪ್ರಿಂಟರು ಕರಕರ ಎಂದು ತಾನಾಗಿ ಅಚ್ಚು ಹಾಕತೊಡಗಿತು. ಆ ಸದ್ದು... ನಾದಸ್ವರ ಕೇಳಿದಾಗಲೂ ನನಗೆ ಅಷ್ಟು ಸಂತೋಷವಾಗಿಲ್ಲ.

"ತೆಗೆದಿಟ್ಟಿತ್ತು ಸಾರ್. ಬಂದ ಮೇಲೆ ಬಾಗಿಲಿಗೆ ಕಳಿಸ್ತು" ಎಂದರು ಮೇಡಂ. ಆಮೇಲೆ ಕುರ್ಚಿಯಲ್ಲಿ ಆರಾಮಾಗಿ ಒರಗಿ, "ಸಿಹಿ ಎಲ್ಲಿ?" ಎಂದು ಕೇಳಿದರು.

ಅಧ್ಯಕ್ಷರು ನಿಜವಾಗಿಯೂ ತರಿಸಿದ್ದರು. ಮೈಸೂರು ಪಾಕ್. ತಂದಿಟ್ಟುಕೊಂಡೇ ಅಷ್ಟೆಲ್ಲ ಗತ್ತು ತೋರಿಸಿದ್ದರು. ಮೇಡಂ ಅಂದು ನಾಚಿಕೆಯಿಲ್ಲದೆ ಮೂರು ತುಂಡು ತಿಂದರು, ಬಂದವರಿಗೆಲ್ಲ ತಮ್ಮ ಪ್ರತಾಪವನ್ನು ಮೊದಲಿನಿಂದ ಹೇಳಿದರು, ಪ್ರತಿ ಸಲ ಹೇಳುವಾಗಲೂ ನನ್ನ ದೊಡ್ಡಪ್ಪನ ಮಾತನ್ನು ಬಿಡದೆ ಸೇರಿಸಿದರು. ಮೆಷಿನ್ ಉಳಿಯಿತು. ನನ್ನ ಕುರ್ಚಿ ಉಳಿಯಿತು, ಮುಂದೆ ಖಾಯಂ ಕೂಡ ಆಯಿತು. ನಿವೃತ್ತಿಯ ದಿನದವರೆಗೆ ನಾನು ಅದೇ ಸಂಘದಲ್ಲಿ ದುಡಿದೆ.

ಮೇಡಂ ಹೆಚ್ಚು ಕಾಲ ಕಡೂರಿನಲ್ಲಿ ಇರಲಿಲ್ಲ. ಮದುವೆಯಾಗಿ, ಬೇರೆ ಕೆಲಸ ಹಿಡಿದು ಮೈಸೂರಿಗೇ ಹೋದರು. ಮೊದಮೊದಲು ಪತ್ರ, ಆಮೇಲೆ ಹಬ್ಬಕ್ಕೊಂದು ಫೋನು, ಆಮೇಲೆ ಅದೂ ಅಪರೂಪ... ಹೋದ ವರ್ಷ ಅವರ ಮಗಳು ಫೋನ್ ಮಾಡಿ, ಅಮ್ಮ ಹೋಗಿಬಿಟ್ಟರು ಎಂದಳು. ಅಮ್ಮ ನಿಮ್ಮೂರಿನ ಗೋಡೌನ್ ಕತೆಯನ್ನು ನಮಗೆ ನೂರು ಸಲ ಹೇಳಿರಬಹುದು ಎಂದೂ ಹೇಳಿದಳು. ಫೋನ್ ಇಟ್ಟು ನಾನು ಅತ್ತೆ. ನನ್ನ ಜೀವನಕ್ಕೆ ನೆಲೆ ಕೊಟ್ಟವರು ಅವರು. ಅದನ್ನು ಅವರೆದುರು ಒಮ್ಮೆಯೂ ಹೇಳಿರಲಿಲ್ಲ. ಹೇಳಿದ್ದರೆ, ಗೊತ್ತು ಬಿಡೇ, ಎನ್ನುತ್ತಿದ್ದರು.

ಅಂಗಡಿಯವನು ಫೋನು ಸರಿ ಮಾಡಿ ಕೊಟ್ಟ. ಮಾರನೆಯ ದಿನ ಸಖರಾಯಪಟ್ಟಣಕ್ಕೆ ಹೋದೆ. ದೊಡ್ಡಪ್ಪ ಈಗಿಲ್ಲ. ಹರಿವಾಣ ಅವರ ಮೊಮ್ಮಗನ ಕೈಗೆ ಬಂದಿದೆ, ಕಂಬಳಿ ಅದೇ. ಅವನು ಮಠ, ಗೌಡರ ಮನೆ, ಬಾವಿಮನೆ, ಕೋಟೆಮನೆ ಎಲ್ಲ ಕೂಗಿ ಮುಗಿಸಿ ಹರಿವಾಣ ಕೆಳಗಿಡುವಾಗ ನಾನು ತಡೆದೆ.

"ಮೇಡಂ ಮನೆ ವೀಳ್ಯ ಒಂದು ತೆಗೆದಿಡಪ್ಪ."

"ಯಾವ ಮೇಡಂ ಅತ್ತೆ? ಅವ್ರ್ಯಾರೂ ಬಂದಿಲ್ವಲ್ಲ."

"ಬಂದಿಲ್ಲ ಅಂದ್ರೆ ಮನೆನೇ ಇಲ್ಲ ಅಂತಲಾ?" ಎಂದೆ.

ಅವನು ಎರಡು ಎಲೆ ಆರಿಸಿ, ಮೇಲೆ ಅಡಿಕೆಯಿಟ್ಟು, ಕಂಬಳಿಯ ಅಂಚಿನಲ್ಲಿ ಬೇರೆಯಾಗಿ ತೆಗೆದಿಟ್ಟ.